ಮಾದೇವಿಯ ಮೊದಲ ಗುಂಡು

ಮಾದೇವಿ ಸಿಟ್ಟು ಬಂದರೆ ಬಾಯಿ ಮಾಡುವವಳಲ್ಲ, ಗಿರಣಿ ಚಾಲೂ ಮಾಡುವವಳು. ಹತ್ತಿಮತ್ತೂರಿನ ಹೆಂಗಸರಿಗೆಲ್ಲ ಇದು ಗೊತ್ತು. ಹೊತ್ತಲ್ಲದ ಹೊತ್ತಿನಲ್ಲಿ ಗಿರಣಿಯ ಪಟ್ಟಾ ತಿರುಗುವ ಸಪ್ಪಳ ಕೇಳಿಸಿದರೆ, ಜೋಳದ ಡಬ್ಬಿ ಎತ್ತಿಕೊಂಡು ಹೊರಟವರು ಅರ್ಧ ದಾರಿಯಿಂದಲೇ ತಿರುಗುತ್ತಾರೆ. ಅವತ್ತು ಕಲ್ಲು ಬಿಗಿಯಾಗಿರುತ್ತದೆ, ಹಿಟ್ಟು ಸುಟ್ಟ ವಾಸನೆ ಹೊಡೆಯುತ್ತದೆ. ಅವಳು ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಆ ಓಣಿ ಸಾಕಷ್ಟು ಸುಟ್ಟ ಹಿಟ್ಟಿನ ರೊಟ್ಟಿ ತಿಂದಿದೆ.

ಆದರೆ ಮಹಾನವಮಿಯ ದಿನ ಗಿರಣಿ ಚಾಲೂ ಮಾಡುವಂತಿಲ್ಲ. ಅವತ್ತು ಖಂಡೇಪೂಜೆ, ದುಡಿಯುವ ಕಬ್ಬಿಣಕ್ಕೆಲ್ಲ ರಜೆ. ಅವಳ ಗಂಡನ ಅಣ್ಣ ಮೈಲಾರಲಿಂಗ ಅದೇ ದಿನ ಹುಡುಕಿ ಅವಳ ಪಿತ್ತ ನೆತ್ತಿಗೇರಿಸಿದ.

ಆಗಿದ್ದಿಷ್ಟು. ಮಾದೇವಿ ಸವಣೂರಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿದ್ದಳು. ಹಿರೇಕೆರೂರಿನ ಕ್ಯಾಂಪಿನಲ್ಲಿ ಮಣ್ಣಿನ ದಿಬ್ಬದ ಮುಂದೆ ಬೋರಲಾಗಿ ಮಲಗಿ ಹತ್ತು ಗುಂಡು ಹೊಡೆದಿದ್ದಳು. ಒಂಬತ್ತು ಕರಿ ಬೊಟ್ಟಿನಲ್ಲೇ ಬಿದ್ದಿದ್ದವು. ಹುಡುಗರ ಮುಖ ಸಪ್ಪಗಾಗಿತ್ತು. ಮುಂದಿನ ಕ್ಯಾಂಪಿಗೆ ಬೆಂಗಳೂರಿಗೆ ಕಳಿಸುತ್ತೇವೆ ಎಂದು ಕಾಗದವೂ ಬಂತು. ಆ ಕಾಗದ ಬಂದ ವಾರದಲ್ಲೇ ಕನಕಪ್ಪನ ಮನೆಯವರು ಹೆಣ್ಣು ನೋಡಲು ಬಂದರು. ಅವಳಪ್ಪ ಕಾಗದವನ್ನು ಮಡಿಸಿ ಗೂಡಿನಲ್ಲಿಟ್ಟ, ಅಲ್ಲಿಗೆ ಮುಗಿಯಿತು. ಆ ಬಂದೂಕಾದರೂ ಅವಳದಾಗಿತ್ತೇ? ಸರಕಾರದ್ದು. ಹೊಡೆದ ಮೇಲೆ ಖಾಲಿ ತೋಟಾ ಕೂಡ ಎಣಿಸಿ ವಾಪಸು ಕೊಡಬೇಕಿತ್ತು.

ಆಮೇಲೆ ಎಲ್ಲ ಗಿರಣಿ, ಹೊಲ, ರೊಟ್ಟಿ. ಕನಕಪ್ಪ ಟೈಫಾಯಿಡ್ ಬಂದು ಮಲಗಿದ ವರ್ಷ ಬಾಡಿಗೆ ಟ್ರ್ಯಾಕ್ಟರ್ ತಂದು ಹೊಲ ಹರಗಿದವಳೂ ಅವಳೇ. ಊರು ಎರಡು ದಿನ ಬಾಯಿ ತೆರೆದು ನೋಡಿತು, ಮೂರನೆಯ ದಿನ ಸುಮ್ಮನಾಯಿತು.

ಹೋದ ಬೇಸಿಗೆಯಲ್ಲಿ ಗಿರಣಿಗೆ ಪಟ್ಟಾ ತರಲು ಶಿಗ್ಗಾಂವಿಗೆ ಹೋದಾಗ ಒಂದು ಬೋರ್ಡು ಕಂಡಿತು. ಬಂಕಾಪುರದ ಮುಜಾಫರ, ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು, ಮುಚ್ಚಿದ ಹತ್ತಿ ಜಿನ್ನಿನ ಗೋದಾಮಿನಲ್ಲಿ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದ. ಲೈಸೆನ್ಸು ಬೇಡದ ಗಾಳಿ ಬಂದೂಕು, ಹತ್ತು ಮೀಟರ್ ದೂರ, ಅಂಗೈಯಗಲದ ಕಾಗದ. ಮಾದೇವಿ ಪಟ್ಟಾವನ್ನು ಬಾಗಿಲ ಬಳಿ ಇಟ್ಟು ಒಳಗೆ ಹೋದಳು. ಹತ್ತರಲ್ಲಿ ಏಳು ಕರಿ ಬೊಟ್ಟಿಗೆ ಬಿದ್ದವು. ಮುಜಾಫರ ಕಾಗದ ಹಿಡಿದು ನೋಡಿ, "ಅಕ್ಕಾರ, ನೀವು ಮರ್ತೀರಿ, ನಿಮ್ಮ ಕೈ ಮರ್ತಿಲ್ಲ" ಎಂದ. ಅವಳಿಗೆ ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಯಾಕೆ ಅಳುತ್ತಿದ್ದೇನೆ ಎಂದು ತನ್ನ ಮೇಲೇ ಸಿಟ್ಟೂ ಬಂತು.

ಅಂದಿನಿಂದ ರವಿವಾರ ತಪ್ಪಲಿಲ್ಲ. ಆದರೆ ಅಲ್ಲಿಯ ಬಂದೂಕು ಹತ್ತು ಮಂದಿಯ ಕೈಯದು. ದಸರೆಯ ಹೊತ್ತಿಗೆ ಅವಳು ತನ್ನದೇ ಒಂದನ್ನು ತರಿಸಿದಳು. ಕೊರಿಯರಿನವನು ಉದ್ದನೆ ಡಬ್ಬಿ ಇಳಿಸಿ ಸಹಿ ಕೇಳಿದಾಗ, "ಮಾದೇವಿ ಕನಕಪ್ಪ" ಎಂದು ಬರೆಯುವವಳು "ಮಾದೇವಿ" ಎಂದಷ್ಟೇ ಬರೆದಳು.

ಮಹಾನವಮಿಗೆ ಇನ್ನೂ ಎರಡು ದಿನವಿತ್ತು. ಅತ್ತೆ ನೀಲವ್ವ ಡಬ್ಬಿಯ ಮೇಲೆ ಕೈ ಇಟ್ಟು, "ಹೊಸ ಕಬ್ಬಿಣ ಐತವ್ವ. ಪೂಜಿ ಆಗೋತನಕ ಹೊಡೀಬ್ಯಾಡ. ಎರಡ ದಿನ ತಡಿ" ಎಂದಳು. ಬೇರೆ ಯಾರು ಹೇಳಿದ್ದರೂ ಮಾದೇವಿ ಕೇಳುತ್ತಿರಲಿಲ್ಲ. ಗಂಡಸರೆಲ್ಲ "ಮಾದೇವಿ ಯುದ್ಧಕ್ಕ ಹೊಂಟಾಳ" ಎಂದು ನಕ್ಕಾಗ, "ಅಕೀ ಕೈ ನಿಮ್ಮ ಕೈಗಿಂತ ಗಟ್ಟಿ ಐತಿ, ಸುಮ್ನ ಕುಂದರ್ರಿ" ಎಂದವಳು ಆ ಎಂಬತ್ತು ವರ್ಷದ ಮುದುಕಿಯೊಬ್ಬಳೇ. ಅವಳ ಮಾತಿಗೆ ಮಾದೇವಿ ಎರಡು ದಿನ ಕಾದಳು. ಎರಡು ದಿನವೂ ಮನಸ್ಸಿನಲ್ಲಿ ಒಂದೇ ಚಿತ್ರ: ರವಿವಾರ, ಶಿಗ್ಗಾಂವಿಯ ಗೋದಾಮು, ಮೂರನೆಯ ಅಂಕಣ, ತನ್ನ ಬಂದೂಕಿನ ಮೊದಲ ಗುಂಡು. ತೂತು ಬಿದ್ದ ಗುರಿ ಕಾಗದದ ಮೇಲೆ ತಾರೀಖು ಬರೆದು ಟ್ರೆಜರಿ ಕಪಾಟಿನ ಬಾಗಿಲಿನ ಒಳಗೆ ಅಂಟಿಸುವುದು. ಇಪ್ಪತ್ತೆರಡು ವರ್ಷದಲ್ಲಿ ಅವಳು ತನಗಾಗಿ ಕೇಳಿದ್ದು ಅದೊಂದು ತೂತು.

ಖಂಡೇಪೂಜೆಯ ದಿನ ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಡಗೋಲು, ಹಾರೆ, ಕೂರಿಗೆಯ ತಾಳು, ಹೊಲಿಗೆ ಯಂತ್ರ, ಗಿರಣಿಯ ಪಾನಾ ಎಲ್ಲ ಸಾಲಾಗಿ ಇಟ್ಟಿದ್ದರು. ನಡುವೆ ಚೆಂಡುಹೂವಿನ ಮಾಲೆ ಹಾಕಿಕೊಂಡು ಬಂದೂಕು ಗೋಡೆಗೆ ಒರಗಿ ನಿಂತಿತ್ತು. ಮೈಲಾರಲಿಂಗ ದೀಪಾವಳಿಗೆ ಹೊಸ ಟ್ರ್ಯಾಕ್ಟರ್ ಹೇಳಿದ್ದ. ಅದು ಇನ್ನೂ ಬಂದಿರಲಿಲ್ಲವಾದ್ದರಿಂದ ಶೋರೂಮಿನ ಪುಸ್ತಕದಿಂದ ಅದರ ಚಿತ್ರ ಕತ್ತರಿಸಿ ಕಂಬಳಿಯ ಮೇಲಿಟ್ಟು ಅದಕ್ಕೂ ಕುಂಕುಮ ಹಚ್ಚಿದ್ದ. ಅರವತ್ತು ವರ್ಷದ ಮನುಷ್ಯ ಮಂಗಳಾರತಿಯ ಹೊತ್ತಿಗೆ ಆ ಚಿತ್ರದ ಮುಂದೆಯೇ ಹೆಚ್ಚು ಹೊತ್ತು ಕೈ ಮುಗಿದು ನಿಂತಿದ್ದ.

ಹೋಳಿಗೆ ಊಟ ಆಯಿತು. ಹಾನಗಲ್ಲಿನಿಂದ ಮೈಲಾರಲಿಂಗನ ಬೀಗರು ಬಂದಿದ್ದರು. ಎಲೆ ಅಡಿಕೆ ಹಾಕಿಕೊಂಡು ಎದ್ದವನೇ ಅವನು ಬಂದೂಕಿನ ಮಾಲೆ ತೆಗೆದು ಪಕ್ಕಕ್ಕಿಟ್ಟು, ಬಂದೂಕನ್ನು ಹೆಗಲ ಮೇಲಿಟ್ಟುಕೊಂಡು ಅಂಗಳಕ್ಕೆ ನಡೆದ.

ಮಾದೇವಿ ಅಡುಗೆಮನೆಯಿಂದ ಓಡಿ ಬಂದಳು. "ಭಾವಾರ, ಅದರಿಂದ ಇನ್ನಾ ಒಂದೂ ಗುಂಡ ಹೊಡದಿಲ್ಲರಿ."

"ಅದಕ್ಕ ಹೊಡ್ಯಾಕತ್ತೇನಿ. ಮನಿ ಹಿರ್ಯಾ ಇರಾಗ ಮೊದಲನೇದು ನಾನ ಅಲ್ಲೇನು?"

"ರವಿವಾರ ನಾ ಹೊಡೀಬೇಕಂತ ಇಟ್ಟೇನ್ರಿ."

"ರವಿವಾರ ಹೊಡಿ, ಯಾರ ಬ್ಯಾಡ ಅಂದಾರ? ಮೊದಲನೇದು ಅಂದ್ರ ಅದೇನ ಅಷ್ಟ ದೊಡ್ಡ ಮಾತು!"

ಬೀಗರು ನಕ್ಕರು. ಮಾದೇವಿ ಗಂಡನ ಕಡೆ ನೋಡಿದಳು. ಕನಕಪ್ಪ ಕಂಬಕ್ಕೆ ಒರಗಿ ಹಲ್ಲಿನ ಸಂದಿಯ ಅಡಿಕೆ ತೆಗೆಯುತ್ತಿದ್ದ. "ಹೋಗ್ಲಿ ಬಿಡ" ಎಂದ. ಈ ಎರಡು ಮಾತಿನ ಮೇಲೆಯೇ ಅವನು ಇಡೀ ಸಂಸಾರ ಮಾಡಿದ್ದಾನೆ. ಮಾದೇವಿಗೆ ಅಣ್ಣನಿಗಿಂತ ತಮ್ಮನ ಮೇಲೇ ಆ ಗಳಿಗೆಯಲ್ಲಿ ಹೆಚ್ಚು ಉರಿಯಿತು.

ಮೈಲಾರಲಿಂಗ ಬೇವಿನ ಟೊಂಗೆಗೆ ಪೂಜೆಯ ಲಿಂಬೆಹಣ್ಣು ಕಟ್ಟಿಸಿ, ನಳಿಗೆ ಬಾಗಿಸಿ ಸೀಸದ ಛರ್ರಾ ಗುಂಡು ತುಂಬಿ, ಒಂದು ಕಣ್ಣು ಮುಚ್ಚಿ ಒತ್ತಿದ. ಢಂ ಎಂದಿತು. ಗೂಡಿನ ಪಾರಿವಾಳಗಳೆಲ್ಲ ಹಾರಿದವು. ಲಿಂಬೆಹಣ್ಣು ಅಲುಗಲಿಲ್ಲ, ಆದರೆ ಬೀಗರು ಚಪ್ಪಾಳೆ ಹೊಡೆದರು. "ಏನ್ ಆವಾಜ್ ಐತ್ರಿ!"

ನಳಿಗೆಯ ತುದಿಯಿಂದ ತೆಳ್ಳಗೆ ಹೊಗೆ ಬಂತು. ಮಾದೇವಿ ಎರಡು ಹೆಜ್ಜೆ ಮುಂದೆ ಬಂದಳು. ಗಾಳಿ ಬಂದೂಕಿನಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ. ಒಳಗೆ ಒಂದು ಸ್ಪ್ರಿಂಗು ಗಾಳಿಯನ್ನು ನೂಕುತ್ತದೆ ಅಷ್ಟೇ. ಅದು ಟಪ್ ಎನ್ನಬೇಕು, ಢಂ ಅನ್ನಬಾರದು. "ನಿಲ್ಲಸ್ರಿ! ಅದರಾಗ ಹೊಗಿ ಬರಬಾರದು. ಒಳಗ ಏನೋ ಸುಡಾಕತ್ತೇತಿ!"

"ಬಂದೂಕು ಅಂದ ಮ್ಯಾಲ ಹೊಗಿ ಬರಾಕ ಬೇಕವ್ವ, ಅದೇನ ಊದಿನಕಡ್ಡಿ ಅಲ್ಲ" ಎಂದ ಮೈಲಾರಲಿಂಗ. ಮತ್ತೆ ನಗೆ. ಅವನು ಹೊಡೆದ, ಬೀಗರು ಹೊಡೆದರು, ಬೀಗರ ಅಳಿಯ ಹೊಡೆದ. ಡಬ್ಬಿಯ ಛರ್ರಾ ಅರ್ಧವಾಯಿತು. ಲಿಂಬೆಹಣ್ಣು ಕಡೆತನಕ ಟೊಂಗೆಯಲ್ಲೇ ಆರಾಮಾಗಿ ತೂಗುತ್ತಿತ್ತು. ಮಾದೇವಿ ಒಳಗೆ ಹೋಗಿ ಕೊಪ್ಪರಿಗೆ ತಿಕ್ಕಿದಳು. ತಿಕ್ಕಿದ ಕೊಪ್ಪರಿಗೆಯನ್ನೇ ಮತ್ತೆ ಮೂರು ಸಲ ತಿಕ್ಕಿದಳು.

ರವಿವಾರ ಶಿಗ್ಗಾಂವಿಯಲ್ಲಿ ಅವಳು ಮೂರನೆಯ ಅಂಕಣದಲ್ಲಿ ನಿಂತಳು. ಮೊದಲನೆಯದು ಹೋಯಿತು, ಗುರಿಯಾದರೂ ನನ್ನದಾಗಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಉಸಿರು ಕಟ್ಟಿ ಒತ್ತಿದಳು. ಬಂದೂಕು 'ಫುಸ್' ಎಂದಿತು. ಛರ್ರಾ ಕಾಗದಕ್ಕಿಂತ ಒಂದು ಗೇಣು ಕೆಳಗೆ ಹಲಗೆಗೆ ಬಡಿದು ಉರುಳಿತು. ಎರಡನೆಯದೂ ಹಾಗೇ. ಐದನೆಯದು ಹಲಗೆಯನ್ನೂ ಮುಟ್ಟಲಿಲ್ಲ. ಪಕ್ಕದ ಅಂಕಣದ ಹುಬ್ಬಳ್ಳಿಯ ವಕೀಲ ಅವಳ ಹೊಸ ಬಂದೂಕನ್ನೂ ಅವಳನ್ನೂ ನೋಡಿ, "ಅಕ್ಕಾರ, ನಿಮಗ ಗಿರಣಿನ ಚೊಲೋರಿ" ಎಂದ. ಮಾದೇವಿ ಅವನನ್ನು ನೋಡಿದ ನೋಟಕ್ಕೆ ಅವನು ತನ್ನ ಮುಂದಿನ ಗುಂಡನ್ನು ಹಾಳು ಮಾಡಿಕೊಂಡ.

ಮುಜಾಫರ ಬಂದೂಕನ್ನು ಮೇಜಿಗೆ ತಂದು ಬಿಚ್ಚಿದ. ಒಳಗಿನಿಂದ ಕಪ್ಪಗೆ ಸುಟ್ಟು ಅಂಚು ಹರಿದ ಒಂದು ವಾಷರ್ ಹೊರತೆಗೆದ. ಪಂಪ್ ಸ್ಟೋವಿನ ವಾಷರ್‌ನಂಥದ್ದು, ಗಾಳಿ ಹಿಡಿಯುವುದು ಅದೇ. ಮೂಸಿ ನೋಡಿ ಮುಖ ಕಿವುಚಿದ. "ಅಕ್ಕಾರ, ಇದರಾಗ ಯಾರ್ರಿ ಒಗ್ಗರಣಿ ಹಾಕ್ಯಾರ?"

ಮಾದೇವಿ ಮೂಸಿದಳು. ಕುಸುಬಿ ಎಣ್ಣೆ.

"ಎಣ್ಣಿ ಒಳಗಿದ್ದಾಗ ಹೊಡದ್ರ ಅದುಮಿದ ಗಾಳಿ ಬಿಸಿಗೆ ಅದು ಹೊತ್ತಿಕೋತೈತ್ರಿ. ಆಗ ಢಂ ಅಂದು ಹೊಗಿ ಬರತೈತಿ. ಒಂದೆರಡು ಗುಂಡಿಗೆ ನಿಲ್ಲಿಸಿದ್ರ ಒರಸಿಕೊಡ್ತಿದ್ದೆ. ಇದಕ್ಕ ಮೂವತ್ತರ ಮ್ಯಾಲ ಹೊಡದಾರ. ಹೊಸ ವಾಷರ್ ಪುಣೇದಿಂದ ಬರಬೇಕು, ದೀಪಾವಳಿ ಆಗತೈತಿ."

ಸವಣೂರಿನಲ್ಲಿ ಬಸ್ಸು ಬದಲಿಸುವಾಗಲೂ ಅವಳು ಆ ವಾಷರ್ ಅನ್ನು ಮುಷ್ಟಿಯಿಂದ ಬಿಡಲಿಲ್ಲ. ಮನೆಗೆ ಬಂದಾಗ ಮೈಲಾರಲಿಂಗ ನಾಲ್ಕು ಮಂದಿಯನ್ನು ಕೂಡಿಸಿಕೊಂಡು ಬರಲಿರುವ ಟ್ರ್ಯಾಕ್ಟರಿನ ಗುಣಗಾನ ನಡೆಸಿದ್ದ. ಎದುರಿಗೆ ಚಹಾದ ತಟ್ಟೆ. ಮಾದೇವಿ ಆ ಕರಿ ವಾಷರ್ ಅನ್ನು ಅವನ ಚಹಾದ ಬಶಿಯಲ್ಲಿ ಹಾಕಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬಾಯಿ ಮಾಡಿದಳು.

"ಏನ್ ತಿಳಕೊಂಡೀರಿ ನೀವು? ಅದೇನ ಬಂಡಿ ಕೀಲ ಅಂತ ತಿಳಕೊಂಡ್ರೇನು, ಎಣ್ಣಿ ಸುರುವಾಕ? ಕೇಳಿದ್ರೇನು ನನ್ನ? ಮೊದಲನೇ ಗುಂಡ ಕಸಗೊಂಡ್ರಿ. ಹೊಗಿ ಬರಾಕತ್ತೇತಿ, ನಿಲ್ಲಸ್ರಿ ಅಂದ್ರ ನಗ್ತೀರಿ. ಒಂದು ಸಾಮಾನು, ಇಡೀ ಜನ್ಮದಾಗ ನನ್ನದು ಅಂತ ಒಂದು ಸಾಮಾನು! ಅದನ್ನೂ ನಿಮ್ಮ ದೊಡ್ಡಸ್ತಿಕಿಗೆ ಸುಟ್ರಿ!"

ಕೂತವರು ಚಹಾ ಕೆಳಗಿಟ್ಟರು. ಕನಕಪ್ಪ ಒಳಗಿನಿಂದ ಬಂದು "ಹೋಗ್ಲಿ..." ಎಂದನಷ್ಟೇ. ಹೆಂಡತಿಯ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ. ಮೈಲಾರಲಿಂಗನ ಮುಖ ಕೆಂಪಾಯಿತು. ಬಾಯಿ ತೆರೆದ, ಏನೋ ಹೇಳುವವನಿದ್ದ. ಕಣ್ಣು ಒಮ್ಮೆ ಅವ್ವ ಕೂತಿದ್ದ ದೇವರ ಕೋಣೆಯ ಕಡೆ ಹೋಗಿ ಬಂತು. ಆಮೇಲೆ ತಲೆ ತಗ್ಗಿಸಿ, "ಆತು. ನಂದ ತಪ್ಪು ಅಂತ ತಿಳಕೋ" ಎಂದ.

ತಿಳಕೋ! ತಪ್ಪಾಯಿತು ಅಂತಲ್ಲ, ತಿಳಕೋ. ಮಾದೇವಿ ಅವತ್ತು ಸಂಜೆ ಗಿರಣಿ ಚಾಲೂ ಮಾಡಿದವಳು ಊಟದ ಹೊತ್ತಿನವರೆಗೆ ನಿಲ್ಲಿಸಲಿಲ್ಲ. ಬೀಸುವ ಕಾಳು ಮುಗಿದರೂ ಕಲ್ಲು ತಿರುಗುತ್ತಲೇ ಇತ್ತು.

ಮರುದಿನ ಮುಂಜಾನೆ ನೀಲವ್ವ ಬಿಸಿಲಿಗೆ ಕಾಲು ಚಾಚಿ ಕೂತು ಸೊಸೆಯನ್ನು ಕರೆದಳು. ಮುದುಕಿಯ ಕಿವಿ ಮಂದ. ಹಿಂದಿನ ದಿನದ ಜಗಳ ಸರಿಯಾಗಿ ಕೇಳಿಸಿರಲಿಲ್ಲ. "ಮಾದೇವಿ, ಹೆಂಗ ಹೊಡೀತವ್ವ ನಿನ್ನ ಬಂದೂಕು? ಚೊಲೋ ಹೊಡದೇ ಹೊಡೀತೈತಿ ಅದು. ಪೂಜಿ ದಿನ ನಸಿಕಿನ್ಯಾಗ ಎದ್ದು ನಾನ ಅದಕ್ಕ ಒಂದ ಬಟ್ಟಲ ಕುಸುಬಿ ಎಣ್ಣಿ ಕುಡಿಸೇನಿ. ನೆತ್ತಿಮ್ಯಾಲಿಂದ, ತಣ್ಣಗ. ಹೊಸ ಕಬ್ಬಿಣ ಒಣಾ ಇರಬಾರದು. ನೀ ಬಾಣಂತಿ ಇದ್ದಾಗ ನಿನಗೂ ಹಂಗ ನೆತ್ತಿಗಿ ಹಾಕಿದ್ದೆ, ನೆನಪೈತೇನು?"

ಮಾದೇವಿ ಬಾಗಿಲು ಹಿಡಿದು ನಿಂತಳು. ಆ ಮನೆಯಲ್ಲಿ ಕಬ್ಬಿಣವೆಂದರೆ ಎಣ್ಣೆ ಕುಡಿಯುವುದೇ. ಹೊಲಿಗೆ ಯಂತ್ರ ಕುಡಿದಿದೆ, ಬಂಡಿಯ ಅಚ್ಚು ಕುಡಿದಿದೆ, ಅವಳ ಗಿರಣಿಯೇ ವರ್ಷವರ್ಷ ಮುದುಕಿಯ ಕೈಯಿಂದ ಕುಡಿದು ಚೆನ್ನಾಗಿ ಓಡಿದೆ. ಈ ಸಿಟ್ಟನ್ನು ಯಾರ ಮೇಲೆ ಕಾರಬೇಕು?

"ಚೊಲೋ ಹೊಡೀತ್ರಿ ಅತ್ತಿ" ಎಂದಳು.

"ಅದ ಮತ್ತ!" ಎಂದು ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು.

ಮೈಲಾರಲಿಂಗ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರಿಗಾಗಿ ಜಾಗ ಹಸನು ಮಾಡುತ್ತಿದ್ದ. ಮಾದೇವಿ ನೇರವಾಗಿ ಹೋಗಿ ಎದುರಿಗೆ ನಿಂತಳು. "ಎಣ್ಣಿ ಅತ್ತಿ ಹಾಕಿದ್ದು ನಿಮಗ ಗೊತ್ತಿತ್ತು."

"ಅವತ್ತ ಗೊತ್ತಿರಲಿಲ್ಲ. ನಿನ್ನಿ ನೀ ಎಣ್ಣಿ ಅಂದಕೂಡ್ಲೆ ಹೊಳೀತು. ಈ ಮನ್ಯಾಗ ಮತ್ತ್ಯಾರು ಹಾಕ್ತಾರ?"

"ಮತ್ತ ಯಾಕ ಸುಮ್ನಿದ್ರಿ?"

"ಅವ್ವಗ ಗೊತ್ತಾದ್ರ ಅಕಿ ಊಟ ಬಿಡ್ತಾಳ. ನನ್ನ ಬೈಕೊಂಡ್ರ ಏನಾಗತೈತಿ, ನಾ ಗಟ್ಟಿ ಅದೇನಿ."

ಅವಳಿಗೆ ಇನ್ನೂ ಉರಿಯಿತು. ಮೊದಲ ಗುಂಡು ಕಸಿದುಕೊಂಡ, ಈಗ ಒಳ್ಳೆಯತನವನ್ನೂ ತಾನೇ ಹೊಡೆದುಕೊಂಡ! ಅವಳಿಗೆ ಉಳಿದದ್ದು ನಾಲ್ಕು ಮಂದಿಯೆದುರು ಬಾಯಿ ಮಾಡಿದ ಕೆಟ್ಟ ಹೆಸರು.

"ಎಣ್ಣಿ ಸುರುವಿದ್ರಿ ಅಂದದ್ದು ನಂದು ತಪ್ಪರಿ. ನಾಕ ಮಂದಿ ಮುಂದ ಅಂದೇನಿ, ಆ ನಾಕ ಮಂದಿ ಮುಂದನ ವಾಪಸ್ ತೊಗೋತೇನಿ" ಎಂದಳು. "ಆದ್ರ ನಿಲ್ಲಸ್ರಿ ಅಂದಾಗ ನಿಲ್ಲಿಸಲಿಲ್ಲ. ಮತ್ತ ಆ ಮೊದಲನೇ ಗುಂಡು?"

ಮೈಲಾರಲಿಂಗ ನಿಜಕ್ಕೂ ಅರ್ಥವಾಗದೆ ಅವಳನ್ನು ನೋಡಿದ. "ಹೊಗಿದು ತಪ್ಪಾತು, ಒಪ್ಪಿದೆ. ಆದ್ರ ಆ ಮೊದಲನೇದು, ಮೊದಲನೇದು ಅಂತ ಅದನ್ನ ಹಿಡಕೊಂಡೀಯಲ್ಲ. ಅದೇನ ಅಷ್ಟ ದೊಡ್ಡ ಮಾತು ಮಾರಾಯ್ತಿ?"

ಮಾದೇವಿ ಕೊಟ್ಟಿಗೆಯಿಂದ ಹೊರಬಿದ್ದಳು. ಆ ನಾಲ್ಕು ಮಂದಿಯ ಮನೆಗೂ ಅದೇ ದಿನ ಹೋಗಿ, ಎಣ್ಣೆ ಹಾಕಿದ್ದು ಭಾವ ಅಲ್ಲ ಎಂದು ಹೇಳಿ ಬಂದಳು. ಯಾರು ಎಂದು ಕೇಳಿದವರಿಗೆ ಹೇಳಲಿಲ್ಲ. ಆಮೇಲೆ ಹದಿನೈದು ದಿನ ಗಿರಣಿ ಹೊತ್ತಿಗೆ ಸರಿಯಾಗಿ ನಡೆಯಿತು, ಹಿಟ್ಟು ತಣ್ಣಗೆ ಬಂತು. ಓಣಿಯವರು ಸಿಟ್ಟು ಇಳಿಯಿತು ಎಂದುಕೊಂಡರು. ಅವರಿಗೇನು ಗೊತ್ತು?

ದೀಪಾವಳಿ ಪಾಡ್ಯದ ಮುಂಜಾನೆ ಹಾವೇರಿಯಿಂದ ಟ್ರ್ಯಾಕ್ಟರ್ ಬಂತು. ಅದನ್ನು ಲಾರಿಯ ಮೇಲೆ ಹೇರಿಸಿಯೇ ತರಿಸಿದ್ದ ಮೈಲಾರಲಿಂಗ. ತನಗಿಂತ ಮೊದಲು ಶೋರೂಮಿನ ಹುಡುಗ ಓಡಿಸಬಾರದಂತೆ. ಇಳಿಸುವಾಗಲೂ ಎಂಜಿನ್ ಚಾಲೂ ಮಾಡಗೊಡದೆ ಹಲಗೆಯ ಮೇಲೆ ನೂಕಿಸಿದ್ದ. ಕೆಂಪು ಬಣ್ಣ, ಬಾನೆಟ್ಟಿಗೆ ಚೆಂಡುಹೂವು, ನಾಲ್ಕು ಗಾಲಿಯ ಕೆಳಗೆ ನಾಲ್ಕು ಲಿಂಬೆಹಣ್ಣು. ಹಾನಗಲ್ಲಿನ ಬೀಗರು ಮತ್ತೆ ಬಂದಿದ್ದರು, ಅರ್ಧ ಊರು ಅಂಗಳದಲ್ಲಿತ್ತು. ಕಾಯಿ ಒಡೆದಾಯಿತು, ಆರತಿ ಆಯಿತು. ಚಾವಿ ತಟ್ಟೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಮೈಲಾರಲಿಂಗ ರೇಷ್ಮೆ ರುಮಾಲು ಸುತ್ತಿಕೊಳ್ಳಲು ಪಡಸಾಲೆಯ ಕನ್ನಡಿಯ ಕಡೆ ತಿರುಗಿದ.

ಆರತಿ ತಟ್ಟೆ ಹಿಡಿದಿದ್ದವಳು ಮಾದೇವಿ. ಅವಳು ಚಾವಿ ತೆಗೆದುಕೊಂಡು ತಟ್ಟೆಯನ್ನು ಗಂಡನ ಕೈಗೆ ಕೊಟ್ಟಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಟ್ರ್ಯಾಕ್ಟರ್ ಹತ್ತಿದಳು. ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು.

"ಏ! ಏ ಮಾದೇವಿ!" ಮೈಲಾರಲಿಂಗ ಕನ್ನಡಿ ಬಿಟ್ಟು ಓಡಿ ಬಂದ.

ಲಿಂಬೆಹಣ್ಣುಗಳು ಪಚಪಚ ಒಡೆದವು. ಅವಳು ಅವಸರ ಮಾಡಲಿಲ್ಲ. ಬೇವಿನ ಮರಕ್ಕೆ ಒಂದು ಸುತ್ತು ಹಾಕಿದಳು, ಹಾರ್ನ್ ಒಂದು ಸಲ ಬಾರಿಸಿದಳು, ಮೊದಲಿನ ಜಾಗಕ್ಕೇ ತಂದು ನಿಲ್ಲಿಸಿದಳು. ಇಳಿದು ಬಂದು ಚಾವಿಯನ್ನು ಭಾವನ ಅಂಗೈಯಲ್ಲಿ ಇಟ್ಟಳು.

ಅರ್ಧ ಸುತ್ತಿದ ರುಮಾಲು ಮೈಲಾರಲಿಂಗನ ಹೆಗಲ ಮೇಲೆ ಜೋತಿತ್ತು. ಚಾವಿಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದ. ಹೊಡೆದೇಬಿಡುತ್ತಾನೆ ಎಂದುಕೊಂಡರು ಬೀಗರು. "ನಾ... ಒಂದ ವರ್ಷದಿಂದ... ಮೊದಲ ನಾನ ಹತ್ತಬೇಕಂತ..." ಎಂದ. ಕಣ್ಣಲ್ಲಿ ನೀರು ತುಂಬಿತ್ತು.

"ಹೂಂನ್ರಿ" ಎಂದಳು ಮಾದೇವಿ. "ಮೊದಲನೇದು ಅಂದ್ರ ಅದ."

ಕಟ್ಟೆಯ ಮೇಲಿಂದ ನೀಲವ್ವ, "ಲಿಂಬಿಹಣ್ಣು ನಾಕೂ ಒಡದವಿಲ್ಲೋ?" ಎಂದು ಕೂಗಿ ಕೇಳಿದಳು.

ಮೈಲಾರಲಿಂಗ ಚಾವಿಯನ್ನು ನೋಡಿದ, ಒಡೆದ ಲಿಂಬೆಹಣ್ಣನ್ನು ನೋಡಿದ. ತಗ್ಗಿದ ದನಿಯಲ್ಲಿ, "ಆ ಗುಂಡು ನಾ ವಾಪಸ್ ಕೊಡಾಕ ಬರಂಗಿಲ್ಲವ್ವ" ಎಂದ.

"ನನಗೂ ಇದನ್ನ ಕೊಡಾಕ ಬರಂಗಿಲ್ಲರಿ" ಎಂದಳು ಮಾದೇವಿ.

ಅವಳ ಸಿಟ್ಟು ಇಳಿದಿರಲಿಲ್ಲ. ಆದರೆ ಅದೇನೆಂದು ತಿಳಿದವನು ಈಗ ಮನೆಯಲ್ಲಿ ಇನ್ನೊಬ್ಬನಿದ್ದ. ಅವಳು ಕನಕಪ್ಪನ ಕೈಯಿಂದ ಆರತಿ ತಟ್ಟೆ ತೆಗೆದುಕೊಂಡು, ಬಂದವರಿಗೆ ಚಹಾ ಇಡಲು ಒಳಗೆ ಹೋದಳು.